ತಲೆಯ ಮೇಲೆ ಗಿರಿಸಾಲು, ಡಬ್ಬಿಯಲ್ಲಿ ದುಡ್ಡು: ಸಹಾಯಾರ್ಥ ಹೇರ್ ಟ್ಯಾಟೂ ಮಾಡಿಸುವ ಬಗೆ

ಹರಕೆ ಹೊತ್ತವರು ಹಳದಿ ಬಟ್ಟೆ ಉಟ್ಟು, ನಾಲ್ಕಾರು ಮನೆ ಮುಂದೆ ಗೋವಿಂದಾ ಎಂದು ಕೂಗಿ ಭಿಕ್ಷೆ ಎತ್ತಿ, ಆ ದುಡ್ಡಿನೊಂದಿಗೆ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬರುವುದು ನಮ್ಮ ಚಿಕ್ಕಮಗಳೂರು ಕಡೆ ಯಾರಿಗೂ ಹೊಸದಲ್ಲ. ಹಾಗಾಗಿ ‘ತಲೆ ಬೋಳಿಸಿಕೊಂಡು ಚಂದಾ ಎತ್ತುವುದು ಫಾರಿನ್ ಹುಚ್ಚು’ ಎನ್ನುವವರ ಮಾತಿಗೆ ಕಿವಿ ಕೊಡಬೇಕಿಲ್ಲ. ಹೊರದೇಶಗಳಲ್ಲಿ ಇದು ದೊಡ್ಡದಾಗಿ ಬೆಳೆದಿರುವುದೇನೋ ನಿಜ. ಆಸ್ಟ್ರೇಲಿಯಾದ ಲ್ಯುಕೇಮಿಯಾ ಫೌಂಡೇಶನ್ 1998ರಿಂದ ಜನರ ತಲೆ ಬೋಳಿಸಿ, ಇಲ್ಲವೇ ಬಣ್ಣ ಹಚ್ಚಿ ರಕ್ತದ ಕ್ಯಾನ್ಸರ್ ರೋಗಿಗಳಿಗಾಗಿ ಹಣ ಕೂಡಿಸುತ್ತಿದೆ. ನ್ಯೂಯಾರ್ಕಿನಲ್ಲಿ 2000ದ ಮಾರ್ಚ್ 17ರಂದು ವಿಮಾ ವ್ಯವಹಾರದ ಕೆಲವರು ಮಕ್ಕಳ ಕ್ಯಾನ್ಸರಿಗೆಂದು ತಲೆ ಕೊಟ್ಟದ್ದೇ ಮುಂದೆ ಸೇಂಟ್ ಬಾಲ್ಡ್ರಿಕ್ಸ್ ಎಂಬ ಸಂಸ್ಥೆಯಾಯಿತು. ಜನ ಕಾಸು ಬಿಚ್ಚುವುದು ಮಾತ್ರ ಅಲ್ಲಿಯೂ ಇಲ್ಲಿಯೂ ಒಂದೇ ಕಾರಣಕ್ಕೆ: ಎದುರಿಗಿದ್ದವನು ನಾಲ್ಕು ಜನರ ಮುಂದೆ ಒಂದು ಮಾತು ಕೊಟ್ಟಿದ್ದಾನೆ, ಅದನ್ನು ನಡೆಸುತ್ತಾನೋ ಇಲ್ಲವೋ ನೋಡಬೇಕು.

ಪೂರ್ತಿ ಬೋಳಿಸುವುದಕ್ಕಿಂತ ಮಷಿನ್ನಿನಿಂದ ಕೂದಲಲ್ಲೇ ಚಿತ್ರ ತೆಗೆಸುವುದು, ಅಂದರೆ ಹೇರ್ ಟ್ಯಾಟೂ, ಒಂದು ಲೆಕ್ಕದಲ್ಲಿ ಲಾಭದ್ದು. ಬೋಳು ಒಂದೇ ಸಲಕ್ಕೆ ಮುಗಿಯುತ್ತದೆ. ಚಿತ್ರವನ್ನು ಗೆರೆ ಗೆರೆಯಾಗಿ ಮಾರಬಹುದು. ಆದರೆ ಮಷಿನ್ ತಲೆಗೆ ತಾಗುವ ಮೊದಲೇ ಮುಕ್ಕಾಲು ಪಾಲು ಹಣ ಬಂದಿರಬೇಕು. ಕೂದಲು ಹೋದ ಮೇಲೆ ಜನರ ಕುತೂಹಲವೂ ಹೋಗುತ್ತದೆ.

ದುಡ್ಡು ಯಾರಿಗೆ, ಯಾರ ಖಾತೆಗೆ

‘ಬಡವರಿಗೆ’ ಎಂದರೆ ಯಾರೂ ಕೊಡುವುದಿಲ್ಲ. ‘ನಮ್ಮೂರ ಸರ್ಕಾರಿ ಶಾಲೆಗೆ ಎರಡು ಶೌಚಾಲಯ’ ಎಂದರೆ ಕೊಡುತ್ತಾರೆ. ‘ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಚಿಕಿತ್ಸೆಗೆ ಹೋಗುವ ನಮ್ಮ ತಾಲ್ಲೂಕಿನ ರೋಗಿಗಳ ವಾಸ್ತವ್ಯದ ಖರ್ಚು’ ಎಂದರೆ ಇನ್ನೂ ಬೇಗ ಕೊಡುತ್ತಾರೆ, ಏಕೆಂದರೆ ಆ ಓಡಾಟ ಒಂದಲ್ಲ ಒಂದು ಮನೆಯವರಿಗೆ ಗೊತ್ತಿರುವುದೇ. ಲೆಕ್ಕ ಹಾಕುವಾಗ ಒಂದು ಸಣ್ಣ ವಿಷಯ ನೆನಪಿರಲಿ: 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದ್ದರಿಂದ ಬಸ್ ಚಾರ್ಜಿಗಿಂತ ಜೊತೆಗೆ ಹೋಗುವವರ ಊಟ, ರೂಮು, ಆಟೋ ಎಂದು ಬಿಡಿಸಿ ಬರೆಯಿರಿ. ಹೀಗೆ ಬಿಡಿಸಿ ಬರೆದ ಚೀಟಿಯನ್ನು ಜನ ನಂಬುತ್ತಾರೆ.

ಒಬ್ಬ ರೋಗಿಗಾಗಿಯೇ ಎತ್ತುತ್ತಿದ್ದರೆ ಅವರ ಫೋಟೊ ಫ್ಲೆಕ್ಸಿಗೆ ಹಾಕಬೇಡಿ. ಮಗುವಾದರಂತೂ ಬೇಡವೇ ಬೇಡ. ಕಾಯಿಲೆ ವಾಸಿಯಾಗಿ ಶಾಲೆಗೆ ಮರಳಿದ ಮೇಲೆ ಆ ಫ್ಲೆಕ್ಸು ಅದರ ಹೆಸರಿನ ಜೊತೆಗೇ ಓಡಾಡುತ್ತದೆ. ಇನ್ನೊಂದು ಮಾತು: ಕೀಮೋ ಶುರುವಾಗಿ ಎರಡು ಮೂರು ವಾರಕ್ಕೆ ಕೂದಲು ಉದುರತೊಡಗುತ್ತದೆ. ಅದನ್ನು ಅನುಭವಿಸುತ್ತಿರುವವರಿಗೆ ನಿಮ್ಮ ತಮಾಷೆ ಹೇಗೆ ಕಾಣುತ್ತದೆಂದು ಮೊದಲೇ ಕೇಳಿ. ಕೆಲವರು ನಕ್ಕು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಪ್ಪದಿದ್ದರೆ ಶಾಲೆಯ ಕೆಲಸ ಹಿಡಿಯಿರಿ.

ತಲೆ ಕೊಡುವವನ ಸ್ವಂತ ಫೋನ್‌ಪೇಗೆ ಹಣ ತರಿಸುವುದು ಜಗಳಕ್ಕೆ ಹಾಕಿದ ಅಡಿಪಾಯ. ಸಂಸ್ಥೆಯದೇ ಕ್ಯೂಆರ್ ಕೋಡ್ ಕೇಳಿ ತಂದು ಅದನ್ನೇ ಹಂಚಿ. ಶಾಲೆಗಾದರೆ ಅದರ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರ ಜೊತೆ ಕೂತು ರಸೀದಿಯ ಮಾತು ಮುಗಿಸಿಕೊಳ್ಳಿ. ಸಂಘದ ಖಾತೆಯಾದರೆ ಇಬ್ಬರ ಸಹಿ ಇರಲಿ. ನಗದು ಕೊಟ್ಟವರ ಹೆಸರು ಒಂದು ನೋಟ್‌ಬುಕ್ಕಿಗೆ ಏರಲಿ, ಆ ಪುಟದ ಫೋಟೊ ದಿನಾ ಸಂಜೆ ವಾಟ್ಸಾಪ್ ಗ್ರೂಪಿಗೆ ಬೀಳಲಿ.

ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ, ಜನ ಇಂದಿಗೂ 80ಜಿ ಎಂದೇ ಕರೆಯುವ ರಿಯಾಯಿತಿಯನ್ನು ದೊಡ್ಡ ದಾನಿಗಳು ಕೇಳಿಯೇ ಕೇಳುತ್ತಾರೆ. ಅದು ಸಿಗಬೇಕಾದರೆ ಹಣ ಪಡೆಯುವ ಸಂಸ್ಥೆಗೆ ಆ ನೋಂದಣಿ ಇರಬೇಕು, ದಾನಿ ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು, ಮತ್ತು 2,000 ರೂಪಾಯಿಗಿಂತ ಹೆಚ್ಚಿನ ಮೊತ್ತ ನಗದಾಗಿರಬಾರದು. ತೋಟದ ಮನೆಗಳಲ್ಲಿ ಮಕ್ಕಳು ಅಮೆರಿಕದಲ್ಲೋ ದುಬೈನಲ್ಲೋ ಇರುವುದು ಸಾಮಾನ್ಯ. ಅವರಿನ್ನೂ ಭಾರತದ ಪಾಸ್‌ಪೋರ್ಟ್‌ನವರಾದರೆ ತಮ್ಮ ಸಂಪಾದನೆಯಿಂದ ಧಾರಾಳವಾಗಿ ಕೊಡಬಹುದು. ಅಲ್ಲಿಯ ಪೌರತ್ವ ಪಡೆದವರ ಹಣ ವಿದೇಶಿ ದೇಣಿಗೆಯಾಗುತ್ತದೆ, ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿ ಇರುವ ಸಂಸ್ಥೆಯೇ ಆಗಬೇಕು. ‘ಅಣ್ಣ ಕಳಿಸ್ತಾನೆ, ನಮ್ಮ ಸಂಘದ ಖಾತೆಗೆ ಹಾಕಿಸ್ಕೊಳ್ಳೋಣ’ ಎಂದು ಹೊರಟರೆ ಪುಣ್ಯದ ಕೆಲಸ ವಕೀಲರ ಮನೆ ಬಾಗಿಲಿಗೆ ಹೋಗುತ್ತದೆ.

ದಿನ ನೋಡುವುದು

ಪಂಚಾಂಗವನ್ನೂ ಮಳೆಯನ್ನೂ ಕಾಫಿಯನ್ನೂ ಒಟ್ಟಿಗೆ ನೋಡಬೇಕು. ಮಂಗಳವಾರ ಹೆಚ್ಚಿನ ಕಟಿಂಗ್ ಶಾಪ್‌ಗಳು ಬಾಗಿಲು ಹಾಕಿರುತ್ತವೆ. ಅಮಾವಾಸ್ಯೆ, ಶನಿವಾರ, ಹುಟ್ಟಿದ ವಾರ ಕೂದಲು ತೆಗೆಸಬಾರದು ಎನ್ನುವ ಮನೆಗಳಿವೆ. ನಿಮಗೆ ನಂಬಿಕೆ ಇಲ್ಲದಿದ್ದರೂ ದಾನ ಕೊಡುವ ಅಜ್ಜಿಗೆ ಇರುತ್ತದೆ, ಸುಮ್ಮನೆ ಅವಳ ಮಾತು ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ತಲೆ ಒಣಗುವುದೇ ಇಲ್ಲ, ಹೊಸದಾಗಿ ಬೋಳಿಸಿದ ಚರ್ಮದ ಮೇಲೆ ಸದಾ ತೇವ ನಿಂತರೆ ಕಜ್ಜಿ, ಹುಳುಕಡ್ಡಿ ತಪ್ಪಿದ್ದಲ್ಲ. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕುಯ್ಲು, ಅದರ ಹಿಂದೆಯೇ ರೋಬಸ್ಟಾ. ಆಗ ತೋಟದಲ್ಲಿ ಯಾರಿಗೂ ಪುರುಸೊತ್ತಿಲ್ಲ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಬಿಟ್ಟು ಯಾರೂ ನಿಮ್ಮ ತಲೆ ನೋಡಲು ಬರುವುದಿಲ್ಲ. ಕಾಫಿ ಒಣಗಿ, ಮೂಟೆ ಬೀಜ ಹದ ಮಾಡುವ ಕ್ಯೂರಿಂಗಿಗೆ ಹೋಗಿ, ಕೈಯಲ್ಲಿ ದುಡ್ಡು ಆಡತೊಡಗುವುದು ಫೆಬ್ರವರಿಯ ಕೊನೆಯ ಹೊತ್ತಿಗೆ. ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ, 15 ಮಕ್ಕಳ ಕ್ಯಾನ್ಸರ್ ದಿನ. ನನ್ನನ್ನು ಕೇಳಿದರೆ ಫೆಬ್ರವರಿ ಕೊನೆಯ ಒಂದು ಬುಧವಾರವೋ ಗುರುವಾರವೋ ಚೆನ್ನ. ಭಾನುವಾರವೇ ಬೇಕೆಂದರೆ ಕ್ಷೌರದವರ ಆ ದಿನದ ಸಂಪಾದನೆ ಕಟ್ಟಿಕೊಡಬೇಕಾಗುತ್ತದೆ.

ಮೈಕ್ ಹಾಕುವುದಾದರೆ ಪೊಲೀಸ್ ಅನುಮತಿ ಮೊದಲೇ ತೆಗೆದುಕೊಳ್ಳಿ.

ಯಾರ ತಲೆ

ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಪರಿಚಯ ಇರುವವನ ತಲೆ ಬೇಕು. ಚೆಂದದ ತಲೆ ಆಮೇಲಿನ ಮಾತು. ಊರಿಗೆಲ್ಲ ಗೊತ್ತಿರುವ ಮೇಷ್ಟ್ರು, ಸೊಸೈಟಿ ಗುಮಾಸ್ತರು, ಎಸ್ಟೇಟ್ ರೈಟರ್ ಯಾರಾದರೂ ಒಪ್ಪಿದರೆ ಅರ್ಧ ಕೆಲಸ ಆದಂತೆ. ಸದಾ ಎಣ್ಣೆ ಹಚ್ಚಿ ಬೈತಲೆ ತೆಗೆಯುವ ಗಂಭೀರ ಮನುಷ್ಯನ ಹಿಂದಲೆಯಲ್ಲಿ ಕಾಫಿ ಬೀಜ ಕಾಣಲು ಜನ ಎಷ್ಟು ಬೇಕಾದರೂ ಕೊಡುತ್ತಾರೆ. ಹದಿಹರೆಯದ ಹುಡುಗ ಹೇಗೂ ಮಾಡಿಸಿಕೊಳ್ಳುವವನೇ, ಅವನಿಗೆ ಯಾರು ದುಡ್ಡು ಕೊಡುತ್ತಾರೆ?

ಕೂದಲು ದಟ್ಟವಾಗಿದ್ದರೆ ಗೆರೆ ಎದ್ದು ಕಾಣುತ್ತದೆ. ಹೊಟ್ಟು, ಸೋರಿಯಾಸಿಸ್, ಹುಳುಕಡ್ಡಿ, ಗಾಯ ಇದ್ದರೆ ವಾಸಿಯಾಗುವವರೆಗೆ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗಾಯವಾದರೆ ಗಂಟು ಕಟ್ಟುವ ಚರ್ಮದವರು ಟ್ರಿಮ್ಮರಿಗೇ ನಿಲ್ಲಿಸಿ, ಬ್ಲೇಡ್ ಮುಟ್ಟಿಸಬೇಡಿ. ಸಕ್ಕರೆ ಕಾಯಿಲೆಯವರಿಗೂ ಇದೇ ಮಾತು. ಪೊಲೀಸ್, ಎನ್‌ಸಿಸಿ, ಬ್ಯಾಂಕ್ ಕೌಂಟರಿನವರು ಮೇಲಿನವರನ್ನು ಕೇಳಿ. ಶಾಲೆಯ ಮಕ್ಕಳಾದರೆ ಅಪ್ಪ ಅಮ್ಮನ ಒಪ್ಪಿಗೆಯ ಜೊತೆ ಹೆಡ್‌ಮಾಸ್ಟರ ಒಪ್ಪಿಗೆಯೂ ಬೇಕು.

ಹೆಣ್ಣುಮಕ್ಕಳಿಗೆ ಇದರಲ್ಲಿ ಜಾಗ ಇಲ್ಲ ಎಂದುಕೊಳ್ಳಬೇಡಿ. ಹೆಕ್ಕತ್ತಿನ ಮೇಲೆ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಮಾತ್ರ ಚಿತ್ರ ತೆಗೆಸಿದರೆ, ಜಡೆ ಬಿಟ್ಟಾಗ ಅತ್ತೆಗೂ ಕಾಣದು, ಮೇಲೆತ್ತಿ ಕಟ್ಟಿದಾಗ ಊರಿಗೆಲ್ಲ ಕಾಣುತ್ತದೆ. ‘ಇಷ್ಟು ಸಾವಿರ ಸೇರಿದರೆ ಜಡೆ ಎತ್ತುತ್ತೇನೆ’ ಎಂಬ ಪಣಕ್ಕೆ ಇರುವ ಬೆಲೆ ಪೂರ್ತಿ ಬೋಳಿಗೂ ಇಲ್ಲ. ತೆಗೆದ ಕೂದಲನ್ನು ಕ್ಯಾನ್ಸರ್ ರೋಗಿಗಳ ವಿಗ್‌ಗೆ ಕೊಡಬಹುದೇ ಎಂದು ಕೇಳುವವರಿದ್ದಾರೆ. ವಿಗ್ ಮಾಡುವವರು ಸಾಮಾನ್ಯವಾಗಿ ಹತ್ತು ಹನ್ನೆರಡು ಇಂಚು ಉದ್ದದ ಕೂದಲು ಕೇಳುತ್ತಾರೆ, ಮಷಿನ್ನಿನಿಂದ ಉದುರಿದ ಚೂರು ಯಾವ ಉಪಯೋಗಕ್ಕೂ ಬಾರದು. ಆದರೆ ಜಡೆಯ ಅಡಿಯ ಕೂದಲು ಉದ್ದ ಇದ್ದರೆ, ಮೊದಲು ಅದನ್ನು ಬಿಗಿಯಾಗಿ ಕಟ್ಟಿ ಕತ್ತರಿಯಿಂದ ಒಂದೇ ಹಿಡಿಯಾಗಿ ತೆಗೆದಿಟ್ಟುಕೊಂಡು ಆಮೇಲೆ ಮಷಿನ್ ಹಾಕಿಸಿ.

ಚಿತ್ರ ಯಾವುದು

ತಲೆ ಕಾಗದವಲ್ಲ. ಫೋನಿನಲ್ಲಿ ಚೆಂದ ಕಂಡದ್ದು ಕಿವಿಯ ಹಿಂದೆ ಹೋಗುವ ಹೊತ್ತಿಗೆ ಎಳೆದು ಸೊಟ್ಟಗಾಗಿರುತ್ತದೆ. ಒಂದು ಬಲೂನು ಊದಿ, ಮಾರ್ಕರ್‌ನಿಂದ ಅದರ ಮೇಲೆ ಚಿತ್ರ ಬರೆದು ತಿರುಗಿಸಿ ನೋಡಿ. ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಎಂದು ಗೊತ್ತಾಗುತ್ತದೆ. ಗೆರೆ ಮೂರು ನಾಲ್ಕು ಮಿಲಿಮೀಟರ್ ಅಗಲವಾದರೂ ಇರಬೇಕು, ಎರಡು ಗೆರೆಗಳ ನಡುವೆ ಅದರ ಎರಡರಷ್ಟು ಕೂದಲು ಉಳಿಯಬೇಕು. ಸುಳಿ ಇರುವ ಕಡೆ ನೇರ ಗೆರೆ ಬೇಡ. ಅಲ್ಲಿ ಕೂದಲು ಸುತ್ತಿಕೊಂಡು ಬೆಳೆದಿರುವುದರಿಂದ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ.

ನಮ್ಮ ಊರಿಗೆ ಹೇಳಿ ಮಾಡಿಸಿದ ಚಿತ್ರ ಗಿರಿಸಾಲು. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಯನ್ನು ಹಿಂದಲೆಯ ನಡುವಿಗಿಟ್ಟು, ಬಾಬಾಬುಡನ್‌ಗಿರಿಯ ಸಾಲನ್ನು ಎರಡೂ ಕಿವಿಗಳ ಕಡೆಗೆ ಇಳಿಸಿದರೆ ಒಂದೇ ಗೆರೆಯಲ್ಲಿ ಚಿತ್ರ ಮುಗಿಯುತ್ತದೆ. ಗೆರೆಯ ಕೆಳಗೆ ಫೇಡ್ ಕೊಟ್ಟರೆ, ಅಂದರೆ ಕೂದಲನ್ನು ಬರಬರುತ್ತಾ ಗಿಡ್ಡ ಮಾಡಿಸಿದರೆ, ಮಂಜು ಕೂತಂತೆ ಕಾಣುತ್ತದೆ. ಕ್ಷೌರದವರ ಕೈ ಒಂಚೂರು ತಪ್ಪಿದರೂ ಚಿಂತೆ ಇಲ್ಲ, ಬೆಟ್ಟಕ್ಕೆ ಇನ್ನೊಂದು ಶಿಖರ ಬರುತ್ತದೆ, ಅಷ್ಟೆ. ಹಣಕ್ಕೂ ಇದು ಅನುಕೂಲ: ಪ್ರತಿ ಶಿಖರಕ್ಕೆ ಐದು ಸಾವಿರ, ಹತ್ತು ಸಾವಿರ ಎಂದು ನಿಮ್ಮ ಊರಿನ ಕೈಗೆ ತಕ್ಕಂತೆ ಬೆಲೆ ಇಡಿ. ಮುಳ್ಳಯ್ಯನಗಿರಿಯನ್ನು ಕೊನೆಗೆ ಇಟ್ಟುಕೊಳ್ಳಿ.

ಸ್ಪರ್ಧೆ ಬೇಕೆಂದರೆ ಕಾಫಿ ಬೀಜ. ಅರೇಬಿಕಾ ಬೀಜ ಉದ್ದ, ನಡುವಿನ ಸೀಳು ಹಾವಿನಂತೆ ಬಳುಕಿರುತ್ತದೆ. ರೋಬಸ್ಟಾ ದುಂಡಗೆ, ಸೀಳು ನೇರ. ಎರಡು ಡಬ್ಬಿ ಇಡಿ. ಅರೇಬಿಕಾ ತೋಟದವರು ಒಂದಕ್ಕೆ, ರೋಬಸ್ಟಾದವರು ಇನ್ನೊಂದಕ್ಕೆ ಹಾಕಲಿ. ಹೆಚ್ಚು ತುಂಬಿದ ಡಬ್ಬಿಯ ಬೀಜ ಹಿಂದಲೆಯಲ್ಲಿ ದೊಡ್ಡದಾಗಿ, ಸೋತದ್ದು ಕಿವಿಯ ಮೇಲೆ ಸಣ್ಣದಾಗಿ. ಯಾವುದು ಮೇಲು ಎಂಬ ವಾದ ಈ ಜಿಲ್ಲೆಯಲ್ಲಿ ಬಾಯಿಮಾತಲ್ಲಿ ಎಂದೂ ಮುಗಿಯುವುದಿಲ್ಲ, ಡಬ್ಬಿಯಲ್ಲಾದರೂ ಒಂದು ದಿನಕ್ಕೆ ಮುಗಿಯಲಿ. ವ್ಯಾಪಾರಿಗಳು ಕೊನೆಯ ಗಳಿಗೆಯವರೆಗೆ ಕಾದು ಹಾಕುವವರು, ಆದ್ದರಿಂದ ಡಬ್ಬಿ ಮುಚ್ಚುವ ಹೊತ್ತನ್ನು ಮೊದಲೇ ಸಾರಿ, ಆ ಹೊತ್ತಿಗೆ ಮುಚ್ಚಿ.

ಕೈಪಳಗಿದ ಕ್ಷೌರದವರು ಸಿಕ್ಕರೆ ಮಾತ್ರ ಬೇಲೂರಿನ ಕಡೆ ನೋಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿ ನಿಂತಿರುವ ಕಟ್ಟೆ, ಅಂದರೆ ಜಗತಿ, ನಕ್ಷತ್ರದ ಆಕಾರದಲ್ಲಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಆಕಾರ ಎಲ್ಲರ ಕಣ್ಣಿಗೂ ಬಿದ್ದಿದೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಇಟ್ಟರೆ ಎಂಟು ಮೂಲೆಯ ನಕ್ಷತ್ರ ಬರುತ್ತದೆ. ತಲೆಗೆ ಎಂಟು ಸಾಕು, ಹದಿನಾರು ಮೂಲೆಗೆ ಹೋದರೆ ಮೂರನೇ ದಿನಕ್ಕೆ ಅದು ಹಲಸಿನ ಸಿಪ್ಪೆಯಾಗುತ್ತದೆ.

ಅಕ್ಷರ ಬೇಕೆಂದು ಹಟ ಹಿಡಿಯುವವರಿಗೆ: ಕನ್ನಡದ ಲಿಪಿ ದುಂಡು, ಒತ್ತು, ಕೊಂಬು, ತಲೆಕಟ್ಟು ಇರುವಂಥದ್ದು. ಸಣ್ಣ ಸುರುಳಿಗಳು ಎರಡೇ ದಿನದಲ್ಲಿ ಮುಚ್ಚಿಕೊಳ್ಳುತ್ತವೆ. ಒತ್ತಕ್ಷರ ಇಲ್ಲದ, ಎರಡು ಅಕ್ಷರ ಮೀರದ ಪದ ಆರಿಸಿ. ಅಂಕಿಗಳು ಇನ್ನೂ ಸುಲಭ.

ದೇವರ ಚಿತ್ರ ಬೇಡ, ಕೂದಲಿನ ಚೂರಿನೊಂದಿಗೆ ನೆಲಕ್ಕೆ ಬಿದ್ದು ಕಸಬರಿಕೆಗೆ ಸಿಗುತ್ತದೆ. ರಾಷ್ಟ್ರಧ್ವಜ ಬೇಡ. ಪಕ್ಷದ ಚಿಹ್ನೆ ಹಾಕಿಸಿದರೆ ಊರಿನ ಅರ್ಧ ಡಬ್ಬಿ ಅಲ್ಲಿಗೇ ಮುಚ್ಚುತ್ತದೆ. ಸಿನಿಮಾ ನಟರ ಮುಖವನ್ನು ಕೇಳುವ ಅಭಿಮಾನಿಗಳು ಇದ್ದೇ ಇರುತ್ತಾರೆ, ಆ ಮುಖ ನಟನಂತೆ ಬರದಿದ್ದಾಗ ಅವರು ಕ್ಷೌರದವರ ಮೇಲೆ ಸಿಟ್ಟಾಗುತ್ತಾರೆ.

ಕ್ಷೌರದವರ ಹತ್ತಿರ

‘ಒಳ್ಳೆ ಕೆಲಸಕ್ಕೆ ತಾನೇ, ಫ್ರೀ ಮಾಡಿಕೊಡಣ್ಣ’ ಎಂದು ಹೋಗಬೇಡಿ. ಇಡೀ ಕಾರ್ಯಕ್ರಮದಲ್ಲಿ ನಿಜವಾದ ಕೆಲಸ ಮಾಡುವವರು ಅವರೊಬ್ಬರೇ. ಶಾಮಿಯಾನದವನಿಗೆ, ಫ್ಲೆಕ್ಸಿನವನಿಗೆ ಪೂರ್ತಿ ಕೊಟ್ಟು ಇವರ ಕೂಲಿಯನ್ನೇ ದಾನವಾಗಿ ಬರೆದುಕೊಳ್ಳುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಒಂದು ತಲೆಗೆ ಮುಕ್ಕಾಲರಿಂದ ಒಂದೂವರೆ ಗಂಟೆ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಅವರು ಎಷ್ಟೋ ಗಿರಾಕಿಗಳನ್ನು ಕಳಿಸಬಹುದು. ಕೂಲಿ ಕೊಡಿ. ಕೊಟ್ಟ ಮೇಲೆ ಅವರಾಗಿಯೇ ಡಬ್ಬಿಗೆ ಹಾಕಿದರೆ ದಾನಿಗಳ ಪಟ್ಟಿಯಲ್ಲಿ ಅವರ ಹೆಸರನ್ನೂ ಬರೆಯಿರಿ.

ಹಿಂದೆ ಮಾಡಿದ ಡಿಸೈನ್ ಇದ್ದರೆ ಅವರ ಫೋನಿನಲ್ಲಿ ನೋಡಿ. ಹೊಸ ಬ್ಲೇಡಿನ ಪ್ಯಾಕೆಟ್ ನಿಮ್ಮೆದುರೇ ಒಡೆಯಬೇಕು, ಪ್ರತಿ ತಲೆಗೂ ಬೇರೆ ಬ್ಲೇಡ್. ಒಬ್ಬರ ರಕ್ತ ತಾಗಿದ ಬ್ಲೇಡ್ ಇನ್ನೊಬ್ಬರಿಗೆ ಹೋದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದು. ಐದಾರು ಜನ ಸಾಲಾಗಿ ಕೂರುವ ಇಂಥ ದಿನವೇ ಗಡಿಬಿಡಿಯಲ್ಲಿ ಅದು ಮರೆಯುವುದು. ಟ್ರಿಮ್ಮರಿನ ಹಲ್ಲುಗಳನ್ನು ಬ್ರಷ್ಷಿನಿಂದ ಉಜ್ಜಿ 70 ಶೇಕಡಾ ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಲಿ. ಟವೆಲ್ ನಿಮ್ಮ ಮನೆಯಿಂದಲೇ ತನ್ನಿ. ಈ ಎಲ್ಲ ಸಾಮಾನಿನ ಖರ್ಚು ಸಂಘದ್ದು.

ಮಷಿನ್ ಹಾಕುವ ದಿನ

ಹಿಂದಿನ ದಿನದಿಂದಲೇ ತಲೆಗೆ ಎಣ್ಣೆ ಬೇಡ. ಬೆಳಿಗ್ಗೆ ಶಾಂಪೂ ಹಾಕಿ ತೊಳೆದು ಪೂರ್ತಿ ಒಣಗಿಸಿ ಬನ್ನಿ. ಒದ್ದೆ ಕೂದಲಿನಲ್ಲಿ ಅಂಚು ಸಿಗುವುದಿಲ್ಲ.

ಮೊದಲು ಚಿತ್ರ ಬರುವ ಜಾಗವನ್ನೆಲ್ಲ ಒಂದೇ ಮಟ್ಟಕ್ಕೆ ತರಿಸಿ. ಮಷಿನ್ನಿಗೆ ಸಿಕ್ಕಿಸುವ ಬಾಚಣಿಗೆಯಂಥ ಗಾರ್ಡ್ 1ನೇ ನಂಬರಿನದಾದರೆ 3 ಮಿಲಿಮೀಟರ್ ಕೂದಲು ಬಿಡುತ್ತದೆ, 2ನೇ ನಂಬರ್ 6. ಚರ್ಮದ ಬಣ್ಣ ಗಾಢವಾಗಿದ್ದರೆ 2 ಒಳ್ಳೆಯದು, ಕೂದಲು ಸ್ವಲ್ಪ ಎತ್ತರ ಇದ್ದಷ್ಟೂ ಗೆರೆ ಆಳವಾಗಿ ಕಾಣುತ್ತದೆ. ಅದಕ್ಕಿಂತ ಉದ್ದ ಬಿಟ್ಟರೆ ಕೂದಲು ಗೆರೆಯ ಮೇಲೆ ಮಲಗುತ್ತದೆ. ಇಲ್ಲಿಗೆ ಒಮ್ಮೆ ನಿಲ್ಲಿಸಿ, ಬಿಳಿ ಐಬ್ರೋ ಪೆನ್ಸಿಲ್‌ನಿಂದ ಚಿತ್ರ ಬರೆಸಿ. ಹಿಂದಲೆಯ ನಡುಗೆರೆ ಮೊದಲು, ಆಮೇಲೆ ಎರಡೂ ಬದಿ. ಬರೆದದ್ದರ ಫೋಟೊ ತೆಗೆದು ಕೂತವರಿಗೆ ತೋರಿಸಿ. ತನ್ನ ಹಿಂದಲೆ ತನಗೆ ಕಾಣದು, ‘ಹೂಂ’ ಅನ್ನಿಸಿಕೊಳ್ಳದೆ ಮುಂದೆ ಹೋಗಬೇಡಿ. ಬೇಡವಾದರೆ ಪೆನ್ಸಿಲ್ ಒರೆಸಿದರೆ ಹೋಗುತ್ತದೆ, ಇನ್ನು ಮುಂದಿನದು ಹೋಗುವುದಿಲ್ಲ.

ಡಬ್ಬಿ ಇನ್ನೊಮ್ಮೆ ಸುತ್ತು ಹಾಕಬೇಕಾದದ್ದು ಈಗಲೇ. ಬಿಳಿ ಗೆರೆ ಕಾಣುತ್ತಿದೆ, ಮಷಿನ್ ಕೈಯಲ್ಲಿದೆ, ಜನ ಮೊಬೈಲ್ ಎತ್ತಿ ಹಿಡಿದಿದ್ದಾರೆ. ಪ್ರತಿ ಶಿಖರದ ಮುಂದೆ ನಿಲ್ಲಿಸಿ ಮೊತ್ತ ಕೂಗಿ, ಸೇರಿದರೆ ಗೆರೆ ಮುಂದಕ್ಕೆ, ಸೇರದಿದ್ದರೆ ಒಂದು ಸುತ್ತು ಕಾಫಿ.

ಗಾರ್ಡ್ ತೆಗೆದ ಸಣ್ಣ ಟ್ರಿಮ್ಮರಿನಿಂದ ಪೆನ್ಸಿಲ್ ಗೆರೆಗಿಂತ ತೆಳುವಾಗಿ ಮೊದಲ ಗೆರೆ ಎಳೆಯಲಿ, ಆಮೇಲೆ ಅಗಲ ಮಾಡಬಹುದು, ಕಿರಿದು ಮಾಡಲಾಗದು. ನೇರ ಗೆರೆಗೆ ಟ್ರಿಮ್ಮರಿನ ಪೂರ್ತಿ ಅಂಚು, ತಿರುವಿಗೆ ಅದರ ಮೂಲೆ ಮಾತ್ರ. ಅಂಚನ್ನು ಬ್ಲೇಡಿನಿಂದ ತಿದ್ದುವುದಾದರೆ ನೊರೆ ಬರುವ ಕ್ರೀಮ್ ಬೇಡ, ಗೆರೆ ಮುಚ್ಚಿಹೋಗುತ್ತದೆ, ಪಾರದರ್ಶಕ ಜೆಲ್ ಹಚ್ಚಲಿ. ಹೊಸಬರ ಕೈಯಾದರೆ ಬ್ಲೇಡ್ ಬಿಟ್ಟುಬಿಡಿ, ಟ್ರಿಮ್ಮರಿನ ಗೆರೆ ನಾಲ್ಕಡಿ ದೂರದಿಂದ ಅಷ್ಟೇ ಚೆಂದ ಕಾಣುತ್ತದೆ. ಕೊನೆಗೆ ತಣ್ಣೀರು, ಸಣ್ಣಪುಟ್ಟ ಗೀರಿಗೆ ಪಟಕ. ಒಬ್ಬರಿಗೆ ಉಜ್ಜಿದ ಪಟಕದ ಗಟ್ಟಿಯನ್ನು ಇನ್ನೊಬ್ಬರಿಗೆ ಉಜ್ಜಬಾರದು.

ಫೋಟೊಗೆ ಬೆಳಕು ಪಕ್ಕದಿಂದ ಬೀಳಲಿ. ನೇರ ಫ್ಲ್ಯಾಶ್ ಹಾಕಿದರೆ ಬೆಟ್ಟವೆಲ್ಲ ಬಯಲಾಗುತ್ತದೆ.

ಆಮೇಲಿನ ಹತ್ತು ದಿನ

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಚಿತ್ರ ನಾಲ್ಕೈದು ದಿನ ಚೂಪಾಗಿರುತ್ತದೆ, ಎರಡು ವಾರಕ್ಕೆ ಮಸುಕು. ಉಳಿದ ಹಣ ಎತ್ತುವ ಓಡಾಟವೆಲ್ಲ ಆ ನಾಲ್ಕೈದು ದಿನದಲ್ಲೇ ಆಗಲಿ: ಬಸ್‌ಸ್ಟ್ಯಾಂಡ್ ಸುತ್ತಿನ ಅಂಗಡಿಗಳು, ಎಂ.ಜಿ. ರಸ್ತೆ, ಐ.ಜಿ. ರಸ್ತೆ, ಸಂತೆ. ಅಂಗಡಿಯವರಿಗೆ ಮೊದಲು ಬೆನ್ನು ತಿರುಗಿಸಿ ನಿಂತು, ಆಮೇಲೆ ಮಾತಾಡಿ.

ಮೊದಲ ದಿನ ಎಣ್ಣೆ, ಪೌಡರ್ ಏನೂ ಬೇಡ. ಬಿಸಿಲು ಕಾಣದ ಚರ್ಮ ಫೆಬ್ರವರಿ ಬಿಸಿಲಿಗೆ ಬೇಗ ಸುಡುತ್ತದೆ, ಹೊರಗೆ ಹೊತ್ತು ಕಳೆಯುವವರು ಟೊಪ್ಪಿ ಹಾಕಿ. ಬೈಕಿನವರು ಹೆಲ್ಮೆಟ್ ಒಳಗೆ ದಿನಾ ಒಗೆದ ಹತ್ತಿ ಬಟ್ಟೆ ಕಟ್ಟಿಕೊಳ್ಳಿ. ಡಿಸೈನ್ ತೋರಿಸಲೆಂದು ಹೆಲ್ಮೆಟ್ ಬಿಟ್ಟು ಹೋದರೆ ದಂಡ ಕಟ್ಟಬೇಕಾಗುತ್ತದೆ, ಅದನ್ನು ಸಂಘದ ಲೆಕ್ಕಕ್ಕೆ ಬರೆಯುವಂತಿಲ್ಲ. ಕೆಂಪು ಗುಳ್ಳೆ ಕೀವು ಕಟ್ಟಿದರೆ ಅರಿಸಿನ ಹಚ್ಚಿ ಕಾಯದೆ ಡಾಕ್ಟರಿಗೆ ತೋರಿಸಿ. ಹತ್ತನೇ ದಿನದ ಹೊತ್ತಿಗೆ ಸುತ್ತಲಿನ ಕೂದಲನ್ನೂ ಗಿಡ್ಡ ಮಾಡಿಸಿದರೆ ಎಲ್ಲ ಒಂದೇ ಮಟ್ಟಕ್ಕೆ ಬರುತ್ತದೆ. ಗುರಿಯ ಮೊತ್ತ ಇನ್ನೂ ಸ್ವಲ್ಪ ಬಾಕಿ ಇದ್ದರೆ ಇದನ್ನೇ ಕೊನೆಯ ಪಣವಾಗಿಡಿ: ಬಾಕಿ ತುಂಬಿದರೆ ಪೂರ್ತಿ ಬೋಳು. ಅಪ್ಪ ಅಮ್ಮ ಇರುವವರು ಮನೆಯಲ್ಲಿ ಮೊದಲು ತಿಳಿಸಿ, ಇಲ್ಲದಿದ್ದರೆ ದಾರಿಯಲ್ಲಿ ಕಂಡವರು ಏನೋ ಆಗಬಾರದ್ದು ಆಯಿತೆಂದು ಮನೆಗೆ ಫೋನ್ ಮಾಡುತ್ತಾರೆ.

ಡಬ್ಬಿಯನ್ನು ಎಲ್ಲರೆದುರು ಒಡೆದು ಇಬ್ಬರು ಬೇರೆ ಬೇರೆ ಎಣಿಸಲಿ. ಖರ್ಚು ಕಳೆದು ಉಳಿದದ್ದು, ಸಂಸ್ಥೆ ಕೊಟ್ಟ ರಸೀದಿ, ಎರಡರ ಫೋಟೊವನ್ನೂ ಒಂದೇ ವಾರದಲ್ಲಿ ಗ್ರೂಪಿಗೆ ಹಾಕಿ. ಕೊಡುತ್ತೇನೆಂದು ಜೋರಾಗಿ ಕೂಗಿ ಕೊಡದವರು ಎಲ್ಲ ಊರಲ್ಲೂ ಇಬ್ಬರು ಮೂವರು ಇರುತ್ತಾರೆ. ಅವರ ಹೆಸರನ್ನು ಗ್ರೂಪಿಗೆ ಹಾಕಬೇಡಿ. ಒಂದು ಸಲ ಫೋನ್ ಮಾಡಿ ನೆನಪಿಸಿ. ‘ಕಾಫಿ ದುಡ್ಡು ಇನ್ನೂ ಬಂದಿಲ್ಲ ಕಣೋ’ ಎಂದರೆ ಸರಿ ಎಂದು ಇಟ್ಟುಬಿಡಿ, ಮುಂದಿನ ವರ್ಷ ಮೊದಲ ಶಿಖರವನ್ನು ಅವರ ಹೆಸರಿಗೇ ಬರೆದು, ದುಡ್ಡು ಮುಂಗಡವಾಗಿ ಕೇಳಿ.